ಬೇಡಾದವರ ಕುರ್ಚಿ

ಊರಿಗೆ ಬೇಡವಾದವರು ಕೂರಲೆಂದೇ ನಮ್ಮಲ್ಲಿ ಒಂದು ಕುರ್ಚಿ ಇದೆ. ಬೆತ್ತದ ಹೆಣಿಗೆಯ ಹಳೆಯ ಕುರ್ಚಿ, ಎಡಗೈ ಇಡುವ ಕಡೆಯ ಕಟ್ಟಿಗೆ ಅಲ್ಲಾಡುತ್ತದೆ. ಅದರಲ್ಲಿ ನಾನು ಕೂತಷ್ಟು ಈ ಊರಿನಲ್ಲಿ ಇನ್ನಾರೂ ಕೂತಿಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಸರಿಯಾಗಿ ಬಾಗಿಲು ಬಡಿದು, "ಇಂದ್ರವ್ವಾರ, ಬರ್ತೀರೇನ್ರಿ? ಇವತ್ತ ಒಂದು ಹೊಸಾದು ಬಂದೈತಿ" ಅಂತ ಕರೆಯುತ್ತಿದ್ದರು. ಬೇಡವಾದವಳನ್ನು ಇಷ್ಟು ಮರ್ಯಾದೆ ಕೊಟ್ಟು ಕರೆಯುವ ಜನ ಬೇರೆ ಎಲ್ಲೂ ಇರಲಿಕ್ಕಿಲ್ಲ. ಆ ಮರ್ಯಾದೆ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಊರಿನಲ್ಲಿ ನೀರೆತ್ತುವ ಮಷೀನಿನಿಂದ ಹಿಡಿದು ಮಗ್ಗದವರೆಗೆ ಎಲ್ಲವೂ ಪ್ರೋಗ್ರಾಂ ಮೇಲೆ ನಡೆಯುತ್ತವೆ. ಅವನ್ನು ಬರೆಯುವವರು ನಮ್ಮವರೇ. ಸಂಬಳವಿಲ್ಲ, ಸನ್ಮಾನವಿಲ್ಲ; ಅಂಗಡಿ ಮುಚ್ಚಿ, ಪಾತ್ರೆ ತೊಳೆದು, ಉಳಿದ ಹೊತ್ತಿನಲ್ಲಿ ಬರೆಯುತ್ತಾರೆ. ಬರೆದು ಮುಗಿದ ಮೇಲೆ ಕೊನೆಗೆ ಪರವಾನಗಿ ಅಂತ ಒಂದು ಸಾಲು ಹಾಕುತ್ತಾರೆ. ಇದನ್ನು ಯಾರು ಬಳಸಬಹುದು, ಯಾವುದಕ್ಕೆ ಬಳಸಬಹುದು ಅಂತ. ಬೇರೆ ಊರುಗಳಲ್ಲಿ ಆ ಸಾಲನ್ನು ಯಾರೂ ಓದುವುದೇ ಇಲ್ಲವಂತೆ. ನಮ್ಮಲ್ಲಿ ಯಂತ್ರಗಳೇ ಓದುತ್ತವೆ. ಓದಿ, ಬರೆದವರ ಮನಸ್ಸಿನಲ್ಲಿ ಏನಿತ್ತೋ ಹಾಗೆಯೇ ನಡೆದುಕೊಳ್ಳುತ್ತವೆ. ರೇಡಿಯೋ ರಿಪೇರಿ ಮಾಡುವ ಮುದುಕನೊಬ್ಬ ತಾನು ಮಾಡಿದ ಹಾಡಿನ ಪೆಟ್ಟಿಗೆಗೆ 'ಸಭ್ಯರಿಗೆ ಮಾತ್ರ' ಅಂತ ಬರೆದಿದ್ದ. ಪೆಟ್ಟಿಗೆ ಎಲ್ಲರಿಗೂ ಹಾಡಿತು, ಕುಡುಕರಿಗೂ ಹಾಡಿತು, ಅವನ ಸೊಸೆ ಮುಟ್ಟಿದರೆ ಮಾತ್ರ ಗಪ್ಪಾಗುತ್ತಿತ್ತು. ಆಕೆ ಆ ವಾರವೇ ಗಂಟು ಕಟ್ಟಿಕೊಂಡು ತವರಿಗೆ ಹೋದಳು. ಮುದುಕ ಹಣೆ ಹಣೆ ಬಡಿದುಕೊಂಡ, ಆದರೆ ಒಮ್ಮೆ ಬರೆದ ಸಾಲನ್ನು ಬರೆದವರೂ ಅಳಿಸಲಾಗುವುದಿಲ್ಲ.

ಅಷ್ಟೇ ಆಗಿದ್ದರೆ ಅವರವರ ಮನೆಯ ಹಣೆಬರಹ ಅನ್ನಬಹುದಿತ್ತು. ಒಂದು ಪ್ರೋಗ್ರಾಮಿನಿಂದ ತುಂಡು ಕಿತ್ತು ಇನ್ನೊಂದಕ್ಕೆ ಜೋಡಿಸಿದರೆ ಷರತ್ತೂ ಅದರ ಜೊತೆಗೇ ಹೋಗುತ್ತದೆ. ಯಾರೋ ದೀಪಕ್ಕೆ 'ನಮ್ಮ ಓಣಿಯವರಿಗೆ ಮಾತ್ರ' ಅಂತ ಹಾಕಿದ್ದರು. ಅದರ ತುಂಡನ್ನು ಇನ್ಯಾರೋ ಆಸ್ಪತ್ರೆಯ ಮಂಚಕ್ಕೆ ಹಾಕಿದರು. ಬೇರೆ ಓಣಿಯ ರೋಗಿಗಳು ಬಂದರೆ ಮಂಚ ಮೇಲೇಳಲೇ ಇಲ್ಲ. ಆಮೇಲೆ ಹುಟ್ಟಿದ್ದು ಪರವಾನಗಿ ಪಂಚಾಯ್ತಿ. ಹಳೇ ನೂಲಿನ ಗೋದಾಮಿನ ಮಹಡಿಯಲ್ಲಿ ಭಾನುವಾರ ಸೇರುತ್ತಾರೆ. ಒಬ್ಬ ಟೇಲರು, ಔಷಧಿ ಅಂಗಡಿಯವ, ನಿವೃತ್ತ ಪೋಸ್ಟ್‌ಮನ್ನು, ಕಾಲೇಜಿನಲ್ಲಿ ಕಲಿಸುವ ಒಂದಿಬ್ಬರು. ಚುರುಮರಿ ತಿನ್ನುತ್ತಾ ಒಂದೊಂದು ಸಾಲನ್ನು ಹಿಂಜಿ ಹಿಂಜಿ ನೋಡಿ, ಇದು ಮುಕ್ತ, ಇದು ಅಲ್ಲ ಅಂತ ತೀರ್ಮಾನಿಸುತ್ತಾರೆ. ಮುಕ್ತ ಅನಿಸಿಕೊಂಡದ್ದು ಊರ ಕಪಾಟು ಸೇರುತ್ತದೆ. ಕಪಾಟಿನಿಂದ ಯಾರು ಬೇಕಾದರೂ ಒಯ್ಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು.

ಎಷ್ಟು ವಾದಿಸಿದರೂ ಕೊನೆಗೆ ಕುರ್ಚಿಯ ಪರೀಕ್ಷೆ ಆಗಲೇಬೇಕು. ಊರಿಗೇ ಆಗದವರೊಬ್ಬರನ್ನು ಕರೆಸಿ, ಆ ಕುರ್ಚಿಯಲ್ಲಿ ಕೂರಿಸಿ, ಅವರ ಕೈಯಿಂದ ಯಂತ್ರ ಚಾಲೂ ಮಾಡಿಸುತ್ತಾರೆ. ಅವರಿಗೂ ನಡೆದರೆ ಮುಕ್ತ. ಕುರ್ಚಿಯಲ್ಲಿ ಕೂತವರು ಬಾಯಿ ಬಿಡುವಂತಿಲ್ಲ, ಒತ್ತು ಅಂದಾಗ ಒತ್ತಬೇಕು, ಏಳು ಅಂದಾಗ ಏಳಬೇಕು. ಪಂಚಾಯ್ತಿಯ ಹಿರಿಯರು ಗುರುಪಾದಪ್ಪ ಮಾಸ್ತರು ಇದನ್ನು ಹೊಸಬರಿಗೆ ಹೇಳಿಕೊಡುವಾಗ ಕಣ್ಣು ಅರ್ಧ ಮುಚ್ಚುತ್ತಿದ್ದರು. "ನಮಗ ಬೇಕಾದವರಿಗೆ ಕೊಡೂದು ದೊಡ್ಡಸ್ತಿಕಿ ಅಲ್ಲಪಾ. ಬ್ಯಾಡಾದವರಿಗೂ ಕೊಡಬೇಕ. ಅವತ್ತ ಅದು ಮುಕ್ತ." ಎಂಥಾ ಮಾತು! ಹೊಸಬರು ನನ್ನ ಕಡೆಗೆ ನೋಡಿ ತಲೆದೂಗುತ್ತಿದ್ದರು.

ನಾನು ಬೇಡಾದವಳು ಆದದ್ದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲು ಕಪಾಟಿನ ಮುಂದೆ ಕೂತು ಕೇಳಿದವರಿಗೆ ಪ್ರೋಗ್ರಾಂ ತೆಗೆದುಕೊಡುವ ಕೆಲಸ ನನ್ನದೇ ಇತ್ತು. ಅದೂ ಪುಕ್ಕಟೆ. ಆಗ ನಮ್ಮ ಊರು ಸೀರೆಗೆ ಹೆಸರಾಗಿತ್ತು. ಸೀರೆಯ ದಡಿಯಲ್ಲಿ ಗೋಧಿ ತೆನೆಯನ್ನು ನೇಯುವ ಪ್ರೋಗ್ರಾಂ ಕಪಾಟಿನಲ್ಲೇ ಇತ್ತು. ಒಂದು ದಿನ ಹೊರಗಿನವನೊಬ್ಬ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಚರ್ಮದ ಚೀಲ. ಆ ದಡಿಯ ಪ್ರೋಗ್ರಾಂ ಬೇಕು ಅಂದ. ನನಗೆ ಯಾಕೋ ಅಳುಕಾಯಿತು. ಒಳಗಿನ ಕೋಣೆಯಲ್ಲಿ ಗುರುಪಾದಪ್ಪ ಮಾಸ್ತರು ಬರೆಯುತ್ತಾ ಕೂತಿದ್ದರು. ಹೋಗಿ ಕೇಳಿದೆ. ಅವರು ತಲೆ ಎತ್ತಲೂ ಇಲ್ಲ. "ಯಾರ ಕೇಳಿದ್ರೂ ಕೊಡಬೇಕ ಇಂದ್ರವ್ವ. ಯಾತಕ್ಕ ಅಂತ ಕೇಳಬಾರದು. ಅದ ನಮ್ಮ ನೇಮ." ಕೊಟ್ಟೆ. ದೀಪಾವಳಿಯ ಹೊತ್ತಿಗೆ ಅದೇ ಗೋಧಿ ತೆನೆಯ ಸೀರೆ ಹೊರಗಿನ ದೊಡ್ಡ ಗಿರಣಿಯಿಂದ ಲಾರಿಗಟ್ಟಲೆ ಬಂದು ಬಿತ್ತು, ನಮ್ಮದರ ಅರ್ಧ ದರಕ್ಕೆ. ಮುಂದಿನ ದೀಪಾವಳಿಗೆ ಊರಿನಲ್ಲಿ ಮಗ್ಗದ ಸಪ್ಪಳವೇ ಇರಲಿಲ್ಲ.

ಕೊಟ್ಟವರು ಯಾರು ಅಂತ ಹುಡುಕಿದರು. ನಾನು ಅಡಗಿಕೊಳ್ಳಲಿಲ್ಲ. ಕೊಟ್ಟವಳು ನಾನೇ, ನೇಮ ಇತ್ತು, ಮಾಸ್ತರನ್ನು ಕೇಳಿಯೇ ಕೊಟ್ಟೆ ಅಂದೆ. ಜನ ಮಾಸ್ತರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಧೋತರದ ಸೆರಗಿನಿಂದ ಒರೆಸಿಕೊಂಡರು. "ಕೇಳಿದ್ದು ನಂಗ ನೆನಪಿಲ್ಲ" ಅಂದರು. ಆಯಿತು, ನನ್ನ ಕಥೆ ಅಲ್ಲಿಗೆ ಮುಗಿಯಿತು. ನಿಂತ ಮಗ್ಗಗಳಲ್ಲಿ ನಮ್ಮ ಮನೆಯದೂ ಒಂದು ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬಾವಿಯ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ನಡೆದುಬಿಡುತ್ತಿದ್ದರು. ಕಪಾಟಿನ ಕೆಲಸದಿಂದ ನನ್ನನ್ನು ತೆಗೆದರು. ಕೆಲವು ದಿನಕ್ಕೇ ಕುರ್ಚಿಗೆ ಕರೆದರು. ನಾನು ಯಾಕೆ ಹೋದೆ ಅಂತ ನೀವು ಕೇಳಬಹುದು. ಸಿಟ್ಟಿನಿಂದಲೇ ಹೋದೆ. ಕಣ್ಣೆದುರಿಗೆ ಕೂತು ಪ್ರತಿ ವಾರ ಮಾಸ್ತರ ಮುಖ ನೋಡಬೇಕು ಅಂತ ಹೋದೆ. ಅವರು ಒಂದು ಸಲವೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ನನ್ನ ಜೊತೆಗೆ ಇರುವವಳು ನನ್ನ ಅಕ್ಕ ದಾನವ್ವ. ಹುಡುಗಿಯಾಗಿದ್ದಾಗಿನಿಂದ ನೂಲಿನ ಧೂಳು ಕುಡಿದು ಕುಡಿದು ಅವಳ ಎದೆ ಕೆಟ್ಟಿದೆ. ಹಗಲೆಲ್ಲ ಹೇಗೋ ನಡೆಯುತ್ತದೆ. ಸಂಜೆಯಾದರೆ ಉಸಿರಿನ ಮಷೀನು ಹಚ್ಚಿಕೊಳ್ಳಲೇಬೇಕು. ಮುಖಕ್ಕೆ ಮುಖವಾಡ ಕಟ್ಟಿ, ಗುಂಡಿ ಒತ್ತಿ, ಗಾಳಿಯ ಹದ ನೋಡಿ ಕೊಡುವವಳು ನಾನು. ಅವಳ ಬೆರಳುಗಳು ಮಡಚಿಕೊಂಡು ಹೋಗಿವೆ, ಗುಂಡಿ ಒತ್ತುವ ಶಕ್ತಿ ಇಲ್ಲ. ಹೋದ ವರ್ಷ ಹಳೆಯ ಮಷೀನಿನ ಮೋಟರು ಸುಟ್ಟುಹೋಯಿತು. ಹೊಸದನ್ನು ತಂದೆವು. ಅದಕ್ಕೆ ಹೊಸ ಪ್ರೋಗ್ರಾಂ ಬೇಕಿತ್ತು, ಅದನ್ನು ಬರೆದವರು ಗುರುಪಾದಪ್ಪ ಮಾಸ್ತರು. ಅವರ ಕೈಯ ಕೆಲಸದ ಬಗ್ಗೆ ನಾನು ಸುಳ್ಳು ಹೇಳುವುದಿಲ್ಲ, ಪ್ರೋಗ್ರಾಂ ಬರೆಯುವುದರಲ್ಲಿ ಆ ಮನುಷ್ಯ ಎತ್ತಿದ ಕೈ. ಉಸಿರನ್ನು ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವ ತುಂಡನ್ನು ಎಷ್ಟು ಚೆಂದ ಬರೆದಿದ್ದರೆಂದರೆ ಅದನ್ನು ನೀರಿನ ಮಷೀನಿಗೂ ಬೀದಿದೀಪಕ್ಕೂ ಜೋಡಿಸಲು ಜನ ಕಾಯುತ್ತಿದ್ದರು.

ಆದರೆ ಈ ಸಲ ಮಾಸ್ತರು ಕೊನೆಯಲ್ಲಿ ಒಂದು ಸಾಲು ಹಾಕಿದ್ದರು. 'ಊರಿಗೆ ಕೇಡು ಮಾಡಿದವರ ಕೈಗೆ ಇದು ನಡೆಯತಕ್ಕದ್ದಲ್ಲ.'

ಆ ಭಾನುವಾರ ನನ್ನ ಬಾಗಿಲನ್ನು ಯಾರೂ ಬಡಿಯಲಿಲ್ಲ. ಪಂಚಾಯ್ತಿಯಲ್ಲಿ ಎಲ್ಲರಿಗೂ ಆ ಸಾಲು ಮೆಚ್ಚಿಗೆಯಾಗಿತ್ತಂತೆ. ಎಷ್ಟು ದಿನ ಅಂತ ಕಣ್ಣು ಮುಚ್ಚಿಕೊಂಡು ಎಲ್ಲರಿಗೂ ಕೊಡೋದು, ನಮ್ಮ ಮಗ್ಗಗಳನ್ನು ಮರೆತಿರೇನು, ಕೇಡು ಬೇಡ ಅನ್ನುವುದರಲ್ಲಿ ಏನು ತಪ್ಪಿದೆ ಅಂತ ಟೇಲರು ಭಾಷಣವನ್ನೇ ಮಾಡಿದನಂತೆ. ಆದರೂ ಕುರ್ಚಿಯ ಪರೀಕ್ಷೆ ಬಿಡುವಂತಿಲ್ಲವಲ್ಲ. ಎಣ್ಣೆ ಅಂಗಡಿಯ ಅಡಿವೆಪ್ಪನನ್ನು ಕರೆದು ಕೂರಿಸಿದರು. ಅಡಿವೆಪ್ಪ ಅಳೆಯುವಾಗ ಕೈ ಸ್ವಲ್ಪ ಬಿಗಿ ಹಿಡಿಯುತ್ತಾನೆ ಅಂತ ಊರೆಲ್ಲ ಗೊಣಗುತ್ತದೆ, ಬೇಡಾದವನು ಅನ್ನಲು ಅಷ್ಟು ಸಾಕು ಅಂದುಕೊಂಡರು. ಅವನು ಒತ್ತಿದ, ಮಷೀನು ನಡೆಯಿತು. ಮುಕ್ತ ಅಂತ ಬರೆದು ಕಪಾಟಿಗೆ ಸೇರಿಸಿದರು. ಹೊಸದು ಬಂದರೆ ಹಳೆಯದನ್ನು ತೆಗೆದು ಹಾಕುವುದು ಕಪಾಟಿನ ಪದ್ಧತಿ, ಅದನ್ನೂ ಮಾಡಿದರು. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಗೊತ್ತಾಗುವ ಮೊದಲು ನಾನು ಆ ಸಂಜೆ ಕಪಾಟಿನಿಂದ ಹೊಸ ಪ್ರೋಗ್ರಾಂ ತಂದು ಮಷೀನಿಗೆ ಇಳಿಸಿ, ಅಕ್ಕನ ಮುಖವಾಡ ಕಟ್ಟಿ ಗುಂಡಿ ಒತ್ತಿದೆ. ಏನೂ ಇಲ್ಲ. ತಂತಿ ನೋಡಿದೆ, ಮತ್ತೆ ಒತ್ತಿದೆ. ಅಕ್ಕನ ಉಸಿರು ಸೀಳತೊಡಗಿತು, ಕುತ್ತಿಗೆಯ ನರ ಉಬ್ಬಿತು. ನಾನು ಬೀದಿಗೆ ಓಡಿ ಕಿರುಚಿದೆ. ಯಾರ ಮನೆಯ ಬಾಗಿಲೂ ತೆರೆಯಲಿಲ್ಲ, ಇಂದ್ರವ್ವನ ಕಿರುಚಾಟ ಅವರಿಗೆ ಹೊಸದಲ್ಲ. ಎದುರಿಗಿನ ಎಣ್ಣೆ ಅಂಗಡಿಯಿಂದ ಅಡಿವೆಪ್ಪ ಜಿಡ್ಡುಗೈಯಲ್ಲೇ ಓಡಿ ಬಂದ. ಸುಮ್ಮನೆ ಬೆರಳಿಟ್ಟ, ಅಷ್ಟೇ. ಮಷೀನು ಗುಂಯ್ ಅಂತ ಹೊರಟಿತು. ಅಕ್ಕನ ಎದೆ ಇಳಿಯಿತು. ಅಡಿವೆಪ್ಪ ನನ್ನ ಮುಖ ನೋಡಿ ತಲೆ ಕೆಳಗೆ ಹಾಕಿದ.

"ಇಂದ್ರಕ್ಕ, ನನ್ನ ಬೈಬ್ಯಾಡ. ಇವತ್ತ ಮಧ್ಯಾಹ್ನ ಕುರ್ಚಿಗೆ ನನ್ನ ಕರದಿದ್ರು. ನಿನ್ನ ಯಾಕ ಕರೀಲಿಲ್ಲ ಅಂತ ನಾ ಕೇಳಬೇಕಿತ್ತು. ಕೇಳಲಿಲ್ಲ. ಕುರ್ಚಿಗೆ ಬಾಯಿಲ್ಲ ಅಂತಾರಲ್ಲ."

"ಸಾಲಿನ್ಯಾಗ ಏನಂತ ಬರದಾರ?"

ಹೇಳಿದ. ಅವತ್ತು ನನಗೆ ಬಂದ ಸಿಟ್ಟಿಗೆ ಹೆಸರಿಲ್ಲ. ನನ್ನನ್ನು ಊರು ಹಳಿದದ್ದು ಬೇರೆ. ಈ ಮಾಸ್ತರು ಅನ್ನುವ ಮನುಷ್ಯ ತನ್ನ ಸಾಲಿನ ಮೂಲಕ ಮನೆಯ ಒಳಗೆ ಬಂದು, ಅಕ್ಕನ ಮೂಗಿನ ಹತ್ತಿರ ನಿಂತು, ನನ್ನ ಕೈ ತಟ್ಟಿ ಹಾಕಿದ್ದ. ಅಂದಿನಿಂದ ದಿನಾ ಸಂಜೆ ಅಡಿವೆಪ್ಪ ಬಂದು ಗುಂಡಿ ಒತ್ತಿ ಹೋಗುವುದು ರೂಢಿಯಾಯಿತು. ಅವನಿಗೆ ನೆಗಡಿಯಾದರೂ ಬರಬೇಕು, ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೂ ಬರಬೇಕು. ನನ್ನ ಸ್ವಂತ ಅಕ್ಕನಿಗೆ ಉಸಿರು ಕೊಡಲು ನಾನು ಅಂಗಡಿಯವನ ದಾರಿ ಕಾಯುತ್ತಾ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅಕ್ಕ ಮುಖವಾಡದೊಳಗಿನಿಂದ, "ಸಿಟ್ಟ ಮಾಡಬ್ಯಾಡ ಇಂದ್ರಿ" ಅನ್ನುತ್ತಿದ್ದಳು. ಸಿಟ್ಟು ಮಾಡಬೇಡ ಅಂದರೆ ನನ್ನ ಸಿಟ್ಟು ಇನ್ನೂ ಏರುತ್ತದೆ, ಅದು ಅವಳಿಗೂ ಗೊತ್ತು.

ಪಂಚಾಯ್ತಿಯಲ್ಲಿ ನನ್ನ ಪಾಲಿಗೆ ಇದ್ದವಳು ಒಬ್ಬಳೇ, ಜೈಬುನ್. ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುವವಳು, ಪಂಚಾಯ್ತಿಗೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಆ ಭಾನುವಾರ ಅವಳು ಪಂಚಾಯ್ತಿಗೆ ಹೋಗಿರಲಿಲ್ಲ, ಸುದ್ದಿ ಕೇಳಿ ಮನೆಗೆ ಬಂದಳು. ಮಂಚದ ಕೆಳಗೆ ಇಟ್ಟಿದ್ದ ಸುಟ್ಟ ಮಷೀನನ್ನು ಎಳೆದು ಒರೆಸಿ ನೋಡಿದಳು. "ಇಂದ್ರಕ್ಕ, ಮೋಟರ್ ಅಷ್ಟ ಸುಟ್ಟೈತಿ. ಒಳಗ ಹಳೇ ಪ್ರೋಗ್ರಾಂ ಹಂಗ ಐತಿ. ಅದಕ್ಕ ಷರತ್ತ ಇಲ್ಲ. ಅದನ್ನ ತಿದ್ದಿ ಹೊಸಾ ಮಷೀನಿಗೆ ಹೊಂದಿಸಿ ಕೊಡ್ತೀನಿ. ಆದರ ಕೂಡ್ಲೆ ಆಗಂಗಿಲ್ಲ, ಒಂದಷ್ಟು ದಿನ ಬೇಕು."

"ಮಾಡು. ಆದರ ಗಪ್‌ಚಿಪ್ ನನ್ನ ಮನೀಗೆ ಅಷ್ಟ ಮಾಡಿ ಕುಂದರೂದು ನಂಗ ಬ್ಯಾಡ. ಅವರು ಅದನ್ನ ಮುಕ್ತ ಅಂದಾರ. ಅದು ಮುಕ್ತ ಅಲ್ಲ ಅಂತ ಅವರ ಬಾಯಿಲೇನ ಬರಬೇಕ."

ಮುಂದಿನ ಭಾನುವಾರ ಅಡಿವೆಪ್ಪನ ಎಣ್ಣೆ ಡಬ್ಬಿಯ ಗಾಡಿಯಲ್ಲಿ ಅಕ್ಕನನ್ನೂ ಮಷೀನನ್ನೂ ಹಾಕಿಕೊಂಡು ಗೋದಾಮಿಗೆ ಹೋದೆ. ಜೈಬುನ್ ಮತ್ತು ನಾನು ಅಕ್ಕನನ್ನು ಹಿಡಿದು ಮೆಟ್ಟಿಲು ಹತ್ತಿಸಿದೆವು. ಅಡಿವೆಪ್ಪ ಮಷೀನನ್ನು ಮೇಲೆ ತಂದಿಟ್ಟು ಗಾಡಿ ಕಾಯಲು ಕೆಳಗಿಳಿದ. ಒಳಗೆ ಹೋಗುತ್ತಲೇ ಎಲ್ಲರೂ ಚುರುಮರಿ ತಿನ್ನುವುದನ್ನು ನಿಲ್ಲಿಸಿದರು. ಮೂಲೆಯಲ್ಲಿದ್ದ ಬೇಡಾದವರ ಕುರ್ಚಿಯನ್ನು ನಾನೇ ಎಳೆದು ನಡುವೆ ಹಾಕಿದೆ. ಕೂತೆ. ಅಕ್ಕನಿಗೆ ಬೆಂಚು ಕೊಡಿಸಿ ಮುಖವಾಡ ಕಟ್ಟಿದೆ.

"ಪರೀಕ್ಷಾ ಮಾಡ್ರಿ ಮಾಸ್ತರ. ನಾ ಬಂದೀನಿ."

ಮಾಸ್ತರು ಗೋಡೆಯ ಕಡೆ ನೋಡುತ್ತಾ, "ಪರೀಕ್ಷಾ ಆಗೇತಿ ಇಂದ್ರವ್ವ" ಅಂದರು.

"ಊರಿಗೆ ಬ್ಯಾಡಾದವರು ಯಾರು, ನಾನೋ ಅಡಿವೆಪ್ಪನೋ? ಇವರನ್ನ ಕೇಳ್ರಿ." ಗುಂಡಿ ಒತ್ತಿದೆ. ಎಲ್ಲರಿಗೂ ಕಾಣುವ ಹಾಗೆ ಮತ್ತೆ ಒತ್ತಿದೆ. ಮಷೀನು ಕಲ್ಲಿನ ಹಾಗೆ ಬಿದ್ದಿತ್ತು.

ಟೇಲರು ಬಾಯಿ ಹಾಕಿದ. "ಅದರಾಗ ಏನ ತಪ್ಪೈತ್ರಿ? ಕೇಡು ಮಾಡಿದವರಿಗೆ ನಡೆಯಂಗಿಲ್ಲ ಅಂತ ಬರದಾರ, ನಡೆಯವಲ್ದು. ಸಾಲು ತನ್ನ ಕೆಲಸ ಮಾಡೇತಿ."

ಜೈಬುನ್ ಎದ್ದು ನಿಂತಳು. "ಒಬ್ಬರಿಗರೆ ಇಲ್ಲ ಅಂದ್ರ ಅದು ಮುಕ್ತ ಅಲ್ಲ. ನಂಗ ಇಲ್ಲಿ ಮೊದಲನೇ ದಿನ ಕಲಿಸಿದ್ದ ಇದು. ಕೇಡು ಅಂದ್ರ ಏನು ಅಂತ ಯಾರ ಹೇಳಬೇಕ? ಬರದವರ ಮನಸ್ಸಿನ್ಯಾಗ ಯಾರ ಅದಾರೋ ಅವರಿಗೆಲ್ಲ ಉಸಿರು ಬಂದ್. ನಾಳೆ ನಾನೂ ಇರಬಹುದು, ನೀವೂ ಇರಬಹುದು."

"ಯವ್ವಾ ಜೈಬು," ಮಾಸ್ತರು ಮೆಲ್ಲಗೆ ಶುರು ಮಾಡಿದರು, ಕಣ್ಣು ಅರ್ಧ ಮುಚ್ಚಿ. "ಎಲ್ಲಾರಿಗೂ ಕೊಟ್ಟು ಕೊಟ್ಟು ಊರು ಏನಾತು ಅನ್ನೂದನ್ನ ನೀ ನೋಡಿಲ್ಲ. ನೇಮ ಮಾಡಿದ್ದು ನಾವ. ನೇಮಕ್ಕ ಒಂದು ಬೇಲಿ ಹಾಕೂದು..."

ಅವರ ಮಾತು ಮುಗಿಯಲಿಲ್ಲ. ಮೆಟ್ಟಿಲು ಹತ್ತಿದ ಆಯಾಸಕ್ಕೋ, ಕೋಣೆಯ ಹಳೇ ನೂಲಿನ ಧೂಳಿಗೋ, ಅಕ್ಕ ಬೆಂಚಿನ ಮೇಲೆ ವಾಲಿದಳು. ಕೊರಳಿನಿಂದ ಆ ಸೀಳುವ ಸಪ್ಪಳ ಹೊರಟಿತು. ನಾನು ಗುಂಡಿಯನ್ನು ಗುದ್ದಿದೆ. ಎರಡೂ ಕೈಯಿಂದ ಗುದ್ದಿದೆ. ಪಂಚಾಯ್ತಿಯವರು ಚುರುಮರಿಯ ಕಾಗದ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಎಲ್ಲರಿಗಿಂತ ಹತ್ತಿರ ಇದ್ದವರು ಮಾಸ್ತರು. ಅವರು ತಡೆಯದೆ ಮುಂದೆ ಬಾಗಿ, ನನ್ನ ಕೈ ಸರಿಸಿ, ತಾವೇ ಗುಂಡಿ ಒತ್ತಿದರು.

ನಡೆಯಲಿಲ್ಲ.

ಮತ್ತೆ ಒತ್ತಿದರು. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಮತ್ತೊಮ್ಮೆ ಒತ್ತಿದರು. ಜೈಬುನ್ ಅವರ ಭುಜ ಹಿಡಿದು ಪಕ್ಕಕ್ಕೆ ತಳ್ಳಿ ಬೆರಳಿಟ್ಟಳು, ಮಷೀನು ಹೊರಟಿತು. ಅಕ್ಕನ ಉಸಿರು ದಾರಿಗೆ ಬಂತು. ಎಲ್ಲರೂ ಮಾಸ್ತರ ಕೈಯನ್ನೇ ನೋಡುತ್ತಿದ್ದರು. ಅವರು ಅದನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು, ಮೊದಲ ಬಾರಿಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟರು.

"ನೆನಪೈತಿ," ಅಂದರು. "ಅವತ್ತ ಕೊಡು ಅಂದಾಂವ ನಾನ. ನನ್ನ ಮನೀ ನೀರಿನ ಮಷೀನಿಗೆ ಈ ತುಂಡು ಹಾಕಿದಾಗಿಂದ ಅದೂ ನನ್ನ ಕೈಗೆ ನಡೆಯವಲ್ದು. ದಿನಾ ನಮ್ಮ ಮನಿಯಾಕಿ ಹಚ್ಚತಾಳ. ಕೈ ನೋಯ್ತೈತಿ ಅಂತ ಆಕಿಗೆ ಸುಳ್ಳ ಹೇಳೇನಿ."

ಗೊತ್ತಿದ್ದೂ ಅಕ್ಕನ ಉಸಿರಿಗೆ ಅವರ ಕೈ ಮುಂದೆ ಬಂತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ನನ್ನ ಸಿಟ್ಟು ಇಳಿಯಿತು ಅಂತ ಯಾರೂ ತಿಳಿಯಬಾರದು. ಪಂಚಾಯ್ತಿಯವರು ಒಬ್ಬೊಬ್ಬರಾಗಿ ನನ್ನ ಸುತ್ತ ಬಂದರು. ಟೇಲರು ಕೈ ಮುಗಿದ. "ತಪ್ಪು ನಿಮ್ಮದಲ್ಲ ಇಂದ್ರವ್ವಾರ, ಮಾಸ್ತರದು. ಇಷ್ಟು ದಿನ ನಿಮ್ಮನ್ನ ಸುಮ್ಮನ ನೋಯಿಸಿದ್ವಿ."

ಅದನ್ನು ಕೇಳಿ ನನಗೆ ತಲೆಯೇ ಕೆಟ್ಟಿತು. "ತಪ್ಪು ಅವರದೂ ಅಲ್ಲ! ಅದು ತಪ್ಪ ಅಲ್ಲ! ಅಂವ ಬಂದ, ಕೇಳಿದ, ಕೊಟ್ಟೆ. ಕೇಳಿದವರಿಗೆ ಕೊಡಾಕ ಅಂತನ ಕಪಾಟು ಇಟ್ಟೀರಿ. ಗಿರಣಿಯಾಂವ ನಮ್ಮ ಮಗ್ಗ ನಿಲ್ಲಿಸಿದ. ಅಂವನ ಜೋಡಿ ಜಗಳಾ ಆಡಾಕ ನಿಮಗ ಧೈರ್ಯ ಇರಲಿಲ್ಲ, ಅದಕ್ಕ ನನ್ನ ಹಿಡಿದ್ರಿ. ಈಗ ಇವರನ್ನ ಹಿಡೀತೀರಿ." ಮಾಸ್ತರ ಕಡೆ ತಿರುಗಿದೆ. "ಮತ್ತ ನೀವು! ಮಷೀನು ನಿಮ್ಮ ಮನಸ್ಸು ಓದೇತಿ. ಕೊಡೂದು ಕೇಡು ಅಂತ ನಿಮ್ಮ ಮನಸ್ಸಿನ್ಯಾಗ ಇತ್ತು. ಇಷ್ಟು ವರ್ಷ ಈ ಕೋಣ್ಯಾಗ ಮ್ಯಾಲ ಕುಂತು, ಇದು ಮುಕ್ತ, ಇದು ಅಲ್ಲ ಅಂತ ಎಲ್ಲಾರಿಗೂ ಹೇಳಿಕೋತ ಬಂದ್ರಲ್ಲ, ಒಂದು ದಿನಾನೂ ನೀವು ಅದನ್ನ ನಂಬಿರಲಿಲ್ಲ. ನಾ ನಂಬಿದ್ದೆ. ನನ್ನ ಬಾಯಿ ಮುಚ್ಚಿಸಿ ಕುರ್ಚ್ಯಾಗ ಕುಂದರಿಸಿದ್ರಿ."

ಪಂಚಾಯ್ತಿ ಅಲ್ಲೇ, ಆಗಲೇ, ಆ ಪ್ರೋಗ್ರಾಂ ಮುಕ್ತ ಅಲ್ಲ ಅಂತ ತೀರ್ಮಾನಿಸಿ ಕಪಾಟಿನಿಂದ ತೆಗೆದುಹಾಕಿತು. ಮೆಟ್ಟಿಲು ಇಳಿಯುವಾಗ ನಾನು ಕುರ್ಚಿಯನ್ನೂ ಎತ್ತಿಕೊಂಡು ಬಂದು ಗಾಡಿಗೆ ಹಾಕಿದೆ. ಯಾಕೆ ಅಂತ ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ತೆಗೆದು ಹಾಕಿದರೇನು, ಹೊಸ ಮಷೀನಿಗೆ ಹೊಂದುವ ಬೇರೆ ಪ್ರೋಗ್ರಾಂ ಊರಿನಲ್ಲಿ ಇರಲಿಲ್ಲ; ದಿನಾ ಸಂಜೆ ಅದನ್ನೇ ಒತ್ತಲು ಅಡಿವೆಪ್ಪ ಬರಬೇಕಿತ್ತು. ಮಾಸ್ತರು ಮನೆಯಲ್ಲಿ ಕೂತು ಮೊದಲಿನಿಂದ ಇನ್ನೊಂದನ್ನು ಬರೆದರು, ಕೊನೆಗೆ 'ಯಾರಿಗಾದರೂ' ಅಂತ ಹಾಕಿದರು ಅಂತ ಸುದ್ದಿ ಬಂತು. ಅದೂ ಅವರ ಕೈಗೆ ನಡೆಯಲಿಲ್ಲವಂತೆ. ಸಾಲು ಚೆಂದ ಬರೆದರೂ ಯಂತ್ರಕ್ಕೆ ಹತ್ತುವುದು ಬರೆದವರ ಮನಸ್ಸೇ ತಾನೆ. ಅಷ್ಟು ಹೊತ್ತಿಗೆ ಜೈಬುನ್ ಹಳೆಯದನ್ನು ತಿದ್ದಿ ಮುಗಿಸಿ ನಮ್ಮ ಮನೆಗೆ ತಂದಳು. ಮಷೀನಿನೊಳಗೆ ಇಳಿಸಿ, ನನ್ನ ಮುಂದೆ ಸರಿಸಿದಳು.

"ಕೊನೀ ಸಾಲು ನೀವ ಬರೀರಿ ಇಂದ್ರಕ್ಕ. ಇದನ್ನ ಕಾದು ಇಟ್ಟವರು ನೀವು."

"ಏನ ಬೇಕಾದ್ರೂ ಬರೀಬಹುದೇನ?"

"ನಿಮ್ಮ ಖುಷಿ. ಆದರ ಮನಸ್ಸಿನ್ಯಾಗ ಇರೂದನ್ನ ಬರೀರಿ. ಇಲ್ಲಂದ್ರ ಮಾಸ್ತರಂಗ ಆಗ್ತೈತಿ."

'ಗುರುಪಾದಪ್ಪನಿಗೆ ಇಲ್ಲ' ಅಂತ ಬರೆಯುವ ಆಸೆ ಕೈಬೆರಳ ತುದಿಗೆ ಬಂದಿತ್ತು. ಬಾವಿಯಿಂದ ಕೊಡ ಎತ್ತಿಕೊಂಡು ನಡೆದ ಹೆಂಗಸರ ಹೆಸರೂ, ಟೇಲರ ಹೆಸರೂ ಬಂತು. ಇಡೀ ಊರನ್ನೇ ಬರೆದು ಒಬ್ಬ ಅಡಿವೆಪ್ಪನನ್ನು ಬಿಟ್ಟುಬಿಡಬಹುದಿತ್ತು. ಅಕ್ಕ ಮಂಚದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು, ಈ ಸಲ ಸಿಟ್ಟು ಮಾಡಬೇಡ ಅನ್ನಲಿಲ್ಲ. ಕೊನೆಗೆ ಬರೆದೆ. 'ಯಾರು ಕೇಳಿದರೂ. ಯಾತಕ್ಕೆಂದು ಕೇಳುವಂತಿಲ್ಲ.' ಬರೆದ ಮೇಲೆ ಹೆದರಿಕೆಯಾಯಿತು. ಸಾಲಿನಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು, ನನ್ನೊಳಗೆ ಏನಿದೆ ಅಂತ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪಂಚಾಯ್ತಿಯವರೆಲ್ಲ ನಮ್ಮ ಅಂಗಳದಲ್ಲಿ ನಿಂತಿದ್ದರು. ಕುರ್ಚಿ ನನ್ನ ಮನೆಯಲ್ಲಿತ್ತು, ಪರೀಕ್ಷೆ ಇಲ್ಲೇ ಆಗಬೇಕಿತ್ತು. ಎಲ್ಲರ ಹಿಂದೆ ಗುರುಪಾದಪ್ಪ ಮಾಸ್ತರು. ಅವರನ್ನು ಯಾರೂ ಕರೆದಿರಲಿಲ್ಲ. ತಾವೇ ಬಂದಿದ್ದರು. ಅವರ ಅಕ್ಕಪಕ್ಕ ಯಾರೂ ನಿಂತಿರಲಿಲ್ಲ. ಆ ಜಾಗ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

"ಇಂದ್ರವ್ವ, ಆ ಪ್ರೋಗ್ರಾಂ ನಂಗೂ ಬೇಕಾಗೇತಿ. ಮನೀ ನೀರಿನ ಮಷೀನಿಗೆ," ಅಂದರು. ಸ್ವಲ್ಪ ತಡೆದು ಸೇರಿಸಿದರು. "ಕೊಡಬೇಕು ಅಂತ ಇದ್ರ ಕೊಡು."

ನಾನು ಕುರ್ಚಿಯನ್ನು ಎಳೆದು ಅಂಗಳದ ನಡುವೆ ಹಾಕಿದೆ. ಉಸಿರಿನ ಮಷೀನನ್ನು ಅದರ ಮುಂದೆ ಇಟ್ಟೆ. "ಕುಂದರ್ರಿ. ಒತ್ತರಿ."

ಅವರು ಕೂತರು. ಅಲ್ಲಾಡುವ ಕಟ್ಟಿಗೆಯ ಮೇಲೆ ಎಡಗೈ ಇಟ್ಟರು, ಕುರ್ಚಿಗೆ ಹೊಸಬರು ಎಲ್ಲರೂ ಮಾಡುವ ತಪ್ಪು ಅದು. ಬಲಗೈ ಮುಂದೆ ಬಂತು, ಗುಂಡಿಯ ಹತ್ತಿರ ನಿಂತುಬಿಟ್ಟಿತು. ನಡೆಯದಿದ್ದರೆ ಆ ಕೈ ಇನ್ನು ಯಾವ ಗುಂಡಿಯನ್ನೂ ಮುಟ್ಟುವುದಿಲ್ಲ ಅಂತ ನನಗೆ ಕಂಡಿತು. ನಡೆಯದಿದ್ದರೆ ನಾನೂ ಅವರೂ ಒಂದೇ ಅಂತಲೂ ಕಂಡಿತು. ನನ್ನ ಹೊಟ್ಟೆಯೊಳಗಿನ ಬೆಂಕಿ ಹಾಗೆಯೇ ಉರಿಯುತ್ತಿತ್ತು, ಬಾವಿಯ ಹತ್ತಿರದ್ದು, ಕಟ್ಟೆಯ ಮೇಲೆ ದಾರಿ ಕಾಯುತ್ತಾ ಕೂತದ್ದು, ಒಂದೂ ಆರಿರಲಿಲ್ಲ.

ಅವರು ಕಣ್ಣು ಮುಚ್ಚಿ ಒತ್ತಿದರು.

ಮಷೀನು ಗುಂಯ್ ಅಂತ ಹೊರಟಿತು. ಅಂಗಳದ ಜನ ಹೋ ಅಂದರು. ಜೈಬುನ್ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಮಾಸ್ತರು ಮುಖ ಮುಚ್ಚಿಕೊಂಡು, ಅಳುವಿನ ನಡುವೆ, "ನನ್ನ ಕ್ಷಮಾ ಮಾಡಿದೇನ ಯವ್ವಾ, ಕ್ಷಮಾ ಮಾಡಿದೇನ?" ಅಂತ ಕೇಳುತ್ತಿದ್ದರು.

"ಇಲ್ಲ," ಅಂದೆ. "ಕೇಳಿದ್ರಿ, ಕೊಟ್ಟೆ. ಅಷ್ಟ. ಕುರ್ಚಿ ಬಿಟ್ಟು ಏಳ್ರಿ ಮಾಸ್ತರ, ಸಂಜಿ ಆಗೂದ್ರಾಗ ನಮ್ಮಕ್ಕಗ ಆ ಮಷೀನು ಬೇಕು."